ಮಣ್ಣು ಹೊತ್ತು ಮೇಲೆ ಹೋದದ್ದು

ನಾನು ವಿಮಾನ ಹತ್ತಿದ್ದು ಜನ್ಮದಲ್ಲಿ ಒಂದೇ ಸಲ. ಅದೂ ತಲೆಯ ಮೇಲೆ ಒಂದು ಹೆಂಟೆ ಮಣ್ಣು ಇಟ್ಟುಕೊಂಡು. ಹೇಳಿದರೆ ಮನೆಯ ಮಕ್ಕಳು ನಗುತ್ತಾರೆ. ನಗಲಿ. ನಾನು ಕಂಡದ್ದನ್ನು ಅವರು ಕಂಡಿಲ್ಲ.

ಆಗ ಕೊಡಗು ಬೇರೆಯೇ ರಾಜ್ಯ. ಮಡಿಕೇರಿಯಲ್ಲಿ ಅದರದೇ ಸರ್ಕಾರ. ನನ್ನನ್ನು ಮದುವೆ ಮಾಡಿ ಕೊಟ್ಟ ಊರು ಶನಿವಾರಸಂತೆಯಿಂದ ಆಚೆ, ಹಾಸನದ ಕಡೆ, ರಾಜ್ಯ ಮುಗಿಯುವ ಅಂಚಿನಲ್ಲಿತ್ತು. ಊರಿನ ಹಿಂದೆ ಮರ ಇಲ್ಲದ ಉದ್ದನೆಯ ಬಯಲು. ಬಯಲಿನ ಆ ತುದಿಗೆ ಇನ್ನೊಂದು ಊರು, ಅದು ಮೈಸೂರು ರಾಜ್ಯದ್ದು. ಎರಡೂ ಊರಿನವರದು ಒಂದೇ ಮಾತು, ಕೊರಳಲ್ಲಿ ಒಂದೇ ಲಿಂಗ. ಹೆಣ್ಣು ಕೊಟ್ಟು ತರುವುದು ಮಾತ್ರ ಇರಲಿಲ್ಲ. ಕಾರಣ ಆ ಬಯಲು.

ನಮ್ಮವರು ಅದನ್ನು ಪೈಸಾರಿ ಎನ್ನುತ್ತಿದ್ದರು, ಅಂದರೆ ಕೊಡಗು ಸರ್ಕಾರದ ಖಾಲಿ ಜಮೀನು, ನಮ್ಮ ದನ ಮೇಯುವುದಕ್ಕೆ ಬಿಟ್ಟದ್ದು. ಅವರು ಅದನ್ನೇ ಗೋಮಾಳ ಎನ್ನುತ್ತಿದ್ದರು, ಮೈಸೂರಿನದು, ತಮ್ಮ ದನದ್ದು. ನಟ್ಟನಡುವೆ ಒಂದು ಗಡಿಕಲ್ಲಿತ್ತು, ಸೂರ್ಯ ಚಂದ್ರರನ್ನು ಕೆತ್ತಿದ್ದು. ಕಲ್ಲಿನಿಂದ ಈಚೆ ನಮಗೆ, ಆಚೆ ಅವರಿಗೆ ಎಂದು ಯಾವ ಕಾಲದಲ್ಲೋ ಹಿರಿಯರು ನೆಟ್ಟದ್ದು. ಎರಡೂ ಊರಿಗೆ ಇದು ಗೊತ್ತು. ಗೊತ್ತಿದ್ದೂ ಯಾರೂ ಒಪ್ಪುತ್ತಿರಲಿಲ್ಲ. ಕಲ್ಲಿನ ಆಚೆ, ಅವರ ಪಾಲಿನಲ್ಲಿ, ಒಂದು ಕೆರೆ ಇತ್ತು. ಬೇಸಗೆಯಲ್ಲಿ ದನಕ್ಕೆ ಅದೊಂದೇ ನೀರು. ಆ ಕೆರೆಯ ಆಸೆಗೆ ನಮ್ಮವರು ಇಡೀ ಬಯಲು ನಮ್ಮದು ಎಂದರು. ನಾವು ಹಾಗೆಂದದ್ದಕ್ಕೆ ಅವರೂ ಇಡೀ ಬಯಲು ತಮ್ಮದು ಎಂದರು. ದಿನಾ ಬೈದಾಟ, ವರ್ಷಕ್ಕೊಮ್ಮೆ ಹೊಡೆದಾಟ. ನನ್ನ ಗಂಡನ ಎಡಗೈಯ ಕಿರುಬೆರಳು ಸೊಟ್ಟಗಿದ್ದದ್ದು ಅದರಿಂದಲೇ.

ನಮ್ಮ ಮನೆಗೆ ಗದ್ದೆ ಅಂತ ಇದ್ದದ್ದು ಒಂದು ತುಣುಕು. ಮನೆ ನಡೆಯುತ್ತಿದ್ದದ್ದು ಎಮ್ಮೆಗಳಿಂದ. ಅತ್ತೆ ಮಜ್ಜಿಗೆ ಕಡೆಯುವುದು, ನಾನು ಎಮ್ಮೆ ಮೇಯಿಸುವುದು, ಶನಿವಾರ ಇಬ್ಬರೂ ಬೆಣ್ಣೆ ಹೊತ್ತು ಸಂತೆಗೆ ಹೋಗುವುದು. ಬಯಲು ಹೋದರೆ ಎಮ್ಮೆ ಹೋಗುತ್ತದೆ, ಎಮ್ಮೆ ಹೋದರೆ ಸಿದ್ದಾಪುರದ ಕಡೆಯ ಯಾವುದಾದರೂ ಎಸ್ಟೇಟಿನ ಲೈನುಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಬಿದ್ದಿರಬೇಕು. ಊರಿನ ಅರ್ಧ ಮನೆಗಳ ಪಾಡು ಇದೇ.

ಮೊದಲ ಸಲ ವಿಮಾನ ಬಂದಾಗ ನಾನು ಬಯಲಿನಲ್ಲಿದ್ದೆ. ಬೆಳಗಿನ ಇಬ್ಬನಿ ಆರಿತ್ತು. ಗುಂಯ್ ಎನ್ನುವ ಸದ್ದು ಕೇಳಿ ಜೇನುಹುಳು ಎದ್ದಿರಬೇಕು ಎಂದುಕೊಂಡು ಸೆರಗು ಮುಚ್ಚಿಕೊಂಡೆ. ಸದ್ದು ದೊಡ್ಡದಾಯಿತು. ಎಮ್ಮೆಗಳು ಬಾಲ ಎತ್ತಿ ಚದುರಿದವು. ತಲೆ ಎತ್ತಿ ನೋಡುವ ಮೊದಲು ನನಗೆ ಕಂಡದ್ದು ನೆರಳು. ರೆಕ್ಕೆ ಬಿಚ್ಚಿದ ನೆರಳು ಹುಲ್ಲಿನ ಮೇಲೆ ಓಡಿ ಬಂತು, ನನ್ನ ಮೈಮೇಲೆ ಹಾಯಿತು, ಗಡಿಕಲ್ಲಿನ ಮೇಲೆ ಹಾಯಿತು, ಕೆರೆಯ ನೀರಿನ ಮೇಲೆ ಹಾಯಿತು, ಆ ಊರಿನ ಹಂಚಿನ ಮಾಡು ಹತ್ತಿ ಇಳಿದು ಹೋಯಿತು. ಅಪ್ಪಂದಿರ ಕಾಲದಿಂದ ಕೋಲು ಹಿಡಿದು ಕಾದ ಜಾಗವನ್ನು ಅದು ಒಂದು ಉಸಿರು ಎಳೆದು ಬಿಡುವುದರೊಳಗೆ ದಾಟಿತ್ತು. ಯಾರೂ ಅದನ್ನು ತಡೆಯಲಿಲ್ಲ. ತಡೆಯುವುದಾದರೂ ಎಲ್ಲಿ ನಿಂತು? ನಾನು ಹುಲ್ಲಿನ ಮೇಲೆ ಕೂತುಬಿಟ್ಟೆ.

ಅದು ಪಕ್ಕದ ಕಾಫಿ ಎಸ್ಟೇಟಿನ ಧಣಿಯ ಸ್ನೇಹಿತರದು ಎಂದು ಆಮೇಲೆ ತಿಳಿಯಿತು. ಎಸ್ಟೇಟಿನ ಬರವಣಿಗೆ ನೋಡುವ ರೈಟರು ಸೈಕಲ್ ತಳ್ಳಿಕೊಂಡು ನಮ್ಮ ಪಟೇಲರ ಜಗಲಿಗೆ ಬಂದರು.

“ಪಟೇಲ್ರೇ, ಮುಂದಿನ ವಾರ ವಿಮಾನ ನಿಮ್ಮ ಬಯಲಿಗೇ ಇಳೀತದೆ. ಕಲ್ಲು ಮುಳ್ಳು ಇದ್ರೆ ಚಕ್ರಕ್ಕೆ ಕಷ್ಟ. ನಿಮ್ಮ ಜನದ ಕೈಲಿ ಒಂಚೂರು ಹಸನು ಮಾಡಿಸ್ಬೇಕಲ್ಲ.”

ನಿಮ್ಮ ಬಯಲು ಎಂದ ಒಂದೇ ಮಾತಿಗೆ ಪಟೇಲರು ಕರಗಿ ನೀರಾದರು. ಮರುದಿನ ಮನೆಗೊಂದು ಆಳು ಬಯಲಿಗೆ ಇಳಿಯಿತು. ಮುಳ್ಳಿನ ಪೊದೆ ಸವರಿದರು, ಹುತ್ತ ಒಡೆದರು, ಗುಂಡಿ ಮುಚ್ಚಿದರು. ಕೊನೆಗೆ ಗಡಿಕಲ್ಲಿನ ಸುತ್ತ ನಿಂತರು. ಅತ್ತೆ ಮತ್ತು ನಾನು ಸಗಣಿ ಆಯುತ್ತಿದ್ದೆವು. ಅತ್ತೆ ಬುಟ್ಟಿ ಇಳಿಸಿ ಹೋಗಿ ಕಲ್ಲಿನ ಮುಂದೆ ನಿಂತರು.

“ಇದು ಗಡಿಕಲ್ಲು ಕಣ್ರಪ್ಪ. ಇದುನ್ನ ಮುಟ್ಟಬ್ಯಾಡಿ.”

“ಅಕ್ಕಯ್ಯ, ಬರೋ ನೆಂಟ್ರು ಎಡವಿ ಬಿದ್ರೆ ಊರಿನ ಮಾನ ಏನಾಯ್ತದೆ ಹೇಳು,” ಎಂದರು ಪಟೇಲರು. “ಅಷ್ಟಕ್ಕೂ ಬಯ್ಲೆಲ್ಲ ನಮ್ದೇ ಅಂದ್ಮೇಲೆ ನಡುಮಧ್ಯ ಕಲ್ಲು ಯಾಕೆ?”

ಹಾರೆ ಹಾಕಿ ಮೀಟಿದರು. ಎರಡು ಜೋಡಿ ಎತ್ತು ಕಟ್ಟಿ ಎಳೆದರು. ಕಲ್ಲು ಪಟೇಲರ ಕೊಟ್ಟಿಗೆಯ ಮೆಟ್ಟಿಲಾಯಿತು. ಗುಂಡಿಗೆ ಮಣ್ಣು ತುಂಬಿ ತುಳಿದರು. ಅಂದು ಆ ಊರಿನವರು ಜಗಳಕ್ಕೆ ಬರಲಿಲ್ಲ. ಅವರೂ ತಮ್ಮ ಪಾಲಿನ ಪೊದೆ ಸವರುತ್ತಿದ್ದರು. ಅವರಿಗೂ ವಿಮಾನ ನೋಡಬೇಕಿತ್ತು.

ಇಳಿಯುವ ದಿನ ನಾವು ಹೆಂಗಸರು ಬಯಲಿಗೆ ಸಗಣಿ ನೀರು ಚೆಲ್ಲಿ ಉದ್ದಕ್ಕೂ ರಂಗೋಲಿ ಎಳೆದೆವು. ಬರುವ ನೆಂಟರಿಗೆ ಮತ್ತೇನು ಮಾಡಬೇಕು ಎಂದು ನಮಗೆ ತಿಳಿಯದು. ವಿಮಾನ ಎರಡು ಸುತ್ತು ಹಾಕಿ, ಮೂಗು ಬಗ್ಗಿಸಿ ಬಂತು. ನೆಲ ಮುಟ್ಟಿದಾಗ ನನ್ನ ಅಂಗಾಲಿನಲ್ಲಿ ನಡುಕ ಹತ್ತಿತು. ಅದರ ಗಾಳಿಗೆ ರಂಗೋಲಿಯೆಲ್ಲ ಎದ್ದು ನಮ್ಮ ಮುಖಕ್ಕೇ ಬಡಿಯಿತು. ಗಂಡಸರು ಬಿಳಿ ಮುಖದಲ್ಲಿ ಕೈಮುಗಿದು ನಿಂತರು. ಸದ್ದು ನಿಂತ ಮೇಲೆ ಅತ್ತೆ ಆರತಿ ತಟ್ಟೆ ಹಿಡಿದು ಹೋಗಿ ಅದರ ಮೂಗಿಗೆ ಬೆಳಗಿದರು, ಹೊಸ ಎತ್ತಿಗೆ ಬೆಳಗುವ ಹಾಗೆ. ನಾನು ಹಿಂದಿನಿಂದ ಹೋಗಿ ರೆಕ್ಕೆ ಮುಟ್ಟಿದೆ. ಕಬ್ಬಿಣ ಎಂದುಕೊಂಡಿದ್ದೆ. ಬಟ್ಟೆ. ಬಿಗಿಯಾಗಿ ಎಳೆದು ಬಣ್ಣ ಬಳಿದ ಬಟ್ಟೆ. ಬೆರಳಿನಿಂದ ತಟ್ಟಿದರೆ ತಮಟೆಯ ಹಾಗೆ ಸದ್ದು ಬಂತು. ಬಟ್ಟೆ ಹೊದ್ದದ್ದು ಮನುಷ್ಯರನ್ನು ಹೊತ್ತು ಮೋಡದೊಳಗೆ ಹೋಗುತ್ತದೆ ಎಂದರೆ ಕಬ್ಬಿಣಕ್ಕಿಂತ ಅದೇ ಹೆಚ್ಚು ಎನಿಸಿತು.

ಇಷ್ಟಾಗಿ ನಾಲ್ಕನೆಯ ದಿನ ನಾನು ಎಮ್ಮೆ ಹೊಡೆದುಕೊಂಡು ಹೋದರೆ ಬಯಲಿನ ಸುತ್ತ ಗೂಟ, ಗೂಟಕ್ಕೆ ಕೆಂಪು ಬಟ್ಟೆ. ಎಸ್ಟೇಟಿನ ಕಾವಲುಗಾರ ಅಡ್ಡ ನಿಂತ.

“ಇನ್ಮೇಲೆ ಇಲ್ಲಿ ದನ ಬಿಡ್ಬಾರ್ದು ಕಣಮ್ಮ. ಇದು ವಿಮಾನದ ನೆಲ. ಧಣಿಗಳು ಮಡಿಕೇರಿಗೆ ಅರ್ಜಿ ಕೊಟ್ಟವ್ರೆ.”

“ನನ್ನ ಎಮ್ಮೆಗೆ ಓದಕ್ಕೆ ಬರಲ್ಲ, ನಿನ್ನ ಗೂಟ ಅದಕ್ಕೆ ಹೆಂಗೆ ತಿಳೀಬೇಕು?” ಎಂದೆ. ಅವನು ನಕ್ಕ, ಆದರೆ ಬಿಡಲಿಲ್ಲ.

ಪಟೇಲರೂ ಇಬ್ಬರು ಹಿರಿಯರೂ ಮಡಿಕೇರಿಗೆ ಹೋಗಿ ಬಂದರು. ಮುಖ ಸೋತಿತ್ತು. ಕಚೇರಿಯಲ್ಲಿ ನಮ್ಮ ಊರೇ ಹಿಂದೆ ಕೊಟ್ಟಿದ್ದ ಅರ್ಜಿಗಳ ಕಟ್ಟನ್ನು ತೆಗೆದು ಓದಿದರಂತೆ. ಇಡೀ ಬಯಲು ಕೊಡಗಿನ ಪೈಸಾರಿ, ಮೈಸೂರಿನವರಿಗೆ ಒಂದು ಹುಲ್ಲುಕಡ್ಡಿಯೂ ಸಲ್ಲದು ಎಂದು ನಮ್ಮವರೇ ಬರೆಸಿ ಹೆಬ್ಬೆಟ್ಟು ಒತ್ತಿದ್ದು. ಪೈಸಾರಿ ಎಂದರೆ ಸರ್ಕಾರದ್ದು. ಸರ್ಕಾರದ್ದನ್ನು ಸರ್ಕಾರ ಧಣಿಗೆ ಕೊಟ್ಟರೆ ನೀವು ಕೇಳುವವರು ಯಾರು ಎಂದರಂತೆ.

ಅತ್ತೆ ರಾಗಿ ಕೇರುತ್ತಾ ಎಲ್ಲ ಕೇಳಿದರು. ಆಮೇಲೆ ನನಗೆ ಹೇಳಿದರು. “ನೋಡು, ಎಲ್ಲಾ ನಮ್ದು ಅಂದಿದ್ಕೆ ಎಲ್ಲಾ ಹೋಯ್ತದೆ. ಅರ್ಧ ಮೈಸೂರಿಂದು ಅಂದಿದ್ರೆ ಮಡಿಕೇರಿಯೋರು ಅದುನ್ನ ಹೆಂಗೆ ಕೊಡೋರು? ಅರ್ಧದಲ್ಲಿ ಆ ಹಕ್ಕಿ ಇಳಿಯಕ್ಕಾಯ್ತದಾ? ಅದಕ್ಕೆ ಉದ್ದಕ್ಕೂ ಬೇಕು.”

“ಹಂಗಂತ ಪಟೇಲ್ರಿಗೆ ಹೇಳಿ ಅತ್ತೆಮ್ಮ.”

“ಹೇಳ್ದೆ. ಕೆರೆ ಬಿಟ್ಟುಕೊಡೋ ಹೆಂಗ್ಸು ಅಂದ್ರು.”

ಅಷ್ಟರಲ್ಲಿ ಆ ಊರಿನವರೂ ಸುಮ್ಮನಿರಲಿಲ್ಲ. ಕೊಡಗಿನ ವಿಮಾನ ಮೈಸೂರಿನ ಆಕಾಶಕ್ಕೆ ಅಪ್ಪಣೆ ಇಲ್ಲದೆ ನುಗ್ಗಿ ಮೈಸೂರಿನ ಗೋಮಾಳದಲ್ಲಿ ಇಳಿದಿದೆ ಎಂದು ಬರೆದು ಕಳಿಸಿದ್ದರು. ಆ ಕಾಗದ ಎಲ್ಲೆಲ್ಲಿ ಸುತ್ತಿತೋ, ಒಂದು ದಿನ ಮೂರು ಜೀಪು ಬಂದವು. ಒಂದರಲ್ಲಿ ನಮ್ಮ ತಾಲೂಕಿನ ಆಡಳಿತ ನೋಡುವ ಸುಬೇದಾರರು. ಒಂದರಲ್ಲಿ ಅದೇ ಕೆಲಸದ, ಅವರ ತಾಲೂಕಿನ ಅಮಲ್ದಾರರು. ಮೂರನೆಯದರಲ್ಲಿ ವಿಮಾನದ ಇಲಾಖೆಯ ಸಾಹೇಬರು, ದೆಹಲಿ ಸರ್ಕಾರದವರು. ತೆಳ್ಳಗೆ, ಕನ್ನಡಕ ಹಾಕಿಕೊಂಡು, ಮೇಷ್ಟರ ಹಾಗಿದ್ದರು. ಅವರಿಗೆ ಕನ್ನಡ ಬಾರದು. ವಿಮಾನವನ್ನೂ ಅಂದು ಕರೆಸಿದ್ದರು. ಅದನ್ನು ಓಡಿಸುವವರು ಮೈಸೂರಿನ ಕಡೆಯವರು, ಅವರೇ ನಡುವೆ ನಿಂತು ಇಂಗ್ಲಿಷಿನಿಂದ ಹೇಳುತ್ತಿದ್ದರು. ಎರಡೂ ಊರಿನ ಜನ ಬಯಲಿನಲ್ಲಿ ಎರಡು ಗುಂಪಾಗಿ ಕೂತರು. ಧಣಿ ಕುರ್ಚಿ ತರಿಸಿಕೊಂಡಿದ್ದರು.

ಮೊದಲು ಆಕಾಶದ ಮಾತು ಬಂತು. ಆ ಊರಿನ ಒಬ್ಬ ಮುದುಕ ಎದ್ದು ನಿಂತ. ಬೆನ್ನು ಬಾಗಿದ್ದರೂ ಗಂಟಲು ಗಟ್ಟಿ. ಕೆರೆಯ ಏರಿಯ ಮೇಲೆ ಕೂತು ದಿನವೂ ನನ್ನ ಎಮ್ಮೆಗಳಿಗೆ ಬೈಯುತ್ತಿದ್ದವನು ಅವನೇ.

“ಸ್ವಾಮಿ, ನಮ್ಮ ಮನೆ ಜಾಗ ಅಂದ್ರೆ ಮನೆ ಮಾಡಿನ ಮೇಲೂ ನಮ್ದೇ ತಾನೆ? ಹಂಗಾದ್ರೆ ಮೈಸೂರಿನ ನೆಲದ ಮೇಲಿನ ಆಕಾಶ ಮೈಸೂರಿಂದು. ಇವ್ರು ಯಾರನ್ನ ಕೇಳಿ ಬಂದ್ರು?”

ನಮ್ಮ ಗುಂಪಿನಲ್ಲಿ ಯಾರೋ, “ಅಜ್ಜ, ನಿಮ್ಮ ಆಕಾಶಕ್ಕೂ ಬೇಲಿ ಹಾಕ್ಕಳಿ,” ಎಂದರು. ನಗೆ ಎದ್ದಿತು. ಸಾಹೇಬರು ನಗಲಿಲ್ಲ. ಅವರು ಹೇಳಿದ್ದನ್ನು ನಾನು ಮರೆತಿಲ್ಲ.

ಮುದುಕ ಕೇಳಿದ್ದು ಸರಿಯಾದ ಪ್ರಶ್ನೆ ಎಂದರು. ದೇಶದ ನೆಲ ಎಲ್ಲಿಯವರೆಗೋ ಅದರ ಮೇಲಿನ ಆಕಾಶವೂ ಅಲ್ಲಿಯವರೆಗೆ ಆ ದೇಶದ್ದೇ. ಬೇರೆ ದೇಶದ ವಿಮಾನ ಕೇಳದೆ ಒಳಗೆ ಬರುವಂತಿಲ್ಲ. ಭೂಮಿಯ ಮೇಲಿನ ದೇಶಗಳೆಲ್ಲ ಕೂತು ಹಾಗೆ ಒಪ್ಪಿಕೊಂಡಿವೆ. ಆದರೆ ಕೊಡಗಿಗೊಂದು ಆಕಾಶ ಮೈಸೂರಿಗೊಂದು ಆಕಾಶ ಎಂದಿಲ್ಲ, ಮೇಲೆ ಇರುವುದು ಒಂದೇ, ಅದು ಇಡೀ ದೇಶದ್ದು. ಇಳಿಯುವುದು ಮಾತ್ರ ನೆಲಕ್ಕೆ. ಇಳಿಯುವ ನೆಲಕ್ಕೆ ತಾನು ಪರವಾನಗಿ ಕೊಡಬೇಕಾದರೆ ಅದು ಯಾರದ್ದು ಎಂದು ಗೊತ್ತಿರಬೇಕು. ಎರಡು ದೇಶಗಳು ಒಂದೇ ನೆಲವನ್ನು ನನ್ನದು ನನ್ನದು ಎನ್ನುವ ಕಡೆಗಳೂ ಇವೆ, ಅಲ್ಲಿ ಇಳಿಯುವ ವಿಮಾನ ಯಾರ ಅಪ್ಪಣೆ ಕೇಳಬೇಕು ಎಂದು ದೊಡ್ಡ ದೊಡ್ಡ ಓದಿದವರೇ ಬಡಿದಾಡುತ್ತಿದ್ದಾರೆ ಎಂದರು.

ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ನಮ್ಮದು ಎಮ್ಮೆ ಕಾಯುವವರ ಜಗಳ ಎಂದುಕೊಂಡಿದ್ದೆ. ದೇಶ ದೇಶಗಳಿಗೂ ಇದೇ ಜಗಳ, ಅದೂ ನಕ್ಷತ್ರದ ತನಕ. ನೆಲದ ಮೇಲೆ ಎಳೆದ ಗೆರೆ ನೆಟ್ಟಗೆ ಮೇಲೆ ಏರಿ ಹೋಗುತ್ತದೆ ಎಂದು ನನಗೆ ಅಂದಿನವರೆಗೆ ಹೊಳೆದಿರಲಿಲ್ಲ. ತಲೆ ಎತ್ತಿ ನೋಡಿದೆ. ಒಂದು ಹದ್ದು ಸುತ್ತುತ್ತಿತ್ತು.

ಆಮೇಲೆ ಸಾಹೇಬರು ಕೇಳಿದರು, ಎರಡು ರಾಜ್ಯಗಳ ಗಡಿಕಲ್ಲು ಎಲ್ಲಿ?

ಧಣಿ ಕುರ್ಚಿಯಿಂದಲೇ ಹೇಳಿದರು, ಇಲ್ಲಿ ಯಾವ ಕಲ್ಲೂ ಇಲ್ಲ, ಇದ್ದರೆ ಇಂಥ ಬಯಲಿನಲ್ಲಿ ಕಾಣುತ್ತಿರಲಿಲ್ಲವೇ, ಇದೆಲ್ಲ ಕೊಡಗಿನದೇ ಎಂದು. ಪಟೇಲರು ನೆಲ ನೋಡಿದರು. ಸುಬೇದಾರರು ಅವರನ್ನೇ ಕೇಳಿದಾಗ, “ಕಲ್ಲು ಇದ್ದದ್ದು ಕೆರೆಯಿಂದ ಆಚೆ ಸ್ವಾಮಿ, ಆ ಊರಿನ ಬೇಲಿ ಹತ್ರ,” ಎಂದರು. ಸುಳ್ಳು ಹೇಳಿ ಕೆರೆ ಉಳಿಸಿಕೊಳ್ಳಲು ಹೋಗಿ ಇಡೀ ಬಯಲನ್ನು ಧಣಿಯ ಕೈಗೆ ಇಡುತ್ತಿದ್ದಾರೆ ಎಂದು ನನಗೇ ಕಾಣುತ್ತಿತ್ತು. ಅವರಿಗೆ ಕಾಣಲಿಲ್ಲ. ಅಷ್ಟು ವರ್ಷ ಹೇಳಿದ ಮಾತು, ನಾಲಿಗೆ ತಾನಾಗಿ ಅತ್ತಲೇ ಹೊರಳಿತು.

ಕಲ್ಲು ಇದ್ದದ್ದು ನಮ್ಮ ಊರಿನ ಬಾಗಿಲಲ್ಲಿ ಎಂದು ಆ ಊರಿನವರು ಕೂಗಿದರು. ಮೇಲಿಂದ ನೋಡುತ್ತೇನೆ, ಒಂದೊಂದು ಊರಿನಿಂದ ಒಬ್ಬೊಬ್ಬರು ಜೊತೆಗೆ ಬಂದು ತೋರಿಸಲಿ ಎಂದರು ಸಾಹೇಬರು. ಆಗ ಆ ಮುದುಕ ಪಂಚೆ ಬಿಗಿದು ನಿಂತ.

“ನಾನು ಬತ್ತೀನಿ. ಮಣ್ಣು ಹೊತ್ತೇ ಬತ್ತೀನಿ. ಅವ್ರೂ ಹೊತ್ತು ಬರ್ಲಿ.”

ಗಡಿಯ ಜಗಳಕ್ಕೆ ನಮ್ಮ ಕಡೆ ಒಂದು ಪದ್ಧತಿ ಇತ್ತು. ತಲೆಗೆ ನೀರು ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ, ಆ ನೆಲದ್ದೇ ಒಂದು ಹೆಂಟೆ ಮಣ್ಣನ್ನು ತಲೆಯ ಮೇಲೆ ಹೊತ್ತು ಗಡಿ ತೋರಿಸುತ್ತಾ ನಡೆಯಬೇಕು. ಸುಳ್ಳು ಹೆಜ್ಜೆ ಇಟ್ಟರೆ ಅವನ ಮನೆ ಮಣ್ಣಾಗುತ್ತದೆ ಎಂದು ನಂಬಿಕೆ. ಮಣ್ಣು ಹೊತ್ತವನ ಮಾತಿಗೆ ಎದುರು ಮಾತಿಲ್ಲ.

ನಮ್ಮ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಪಟೇಲರ ತಮ್ಮ ಒಂದು ಕಾನೂನು ತೆಗೆದ. “ಅದು ನೆಲದ ಮೇಲೆ ಕಾಲಿಟ್ಟು ನಡಿಯೋ ಆಣೆ. ಕಾಲು ನೆಲ ಬಿಟ್ಮೇಲೆ ಆಣೆ ನಡೆಯಲ್ಲ. ಆಕಾಶ ದೆಹಲಿದು ಅಂತ ಸಾಯ್ಬ್ರೇ ಹೇಳವ್ರಲ್ಲ, ಅಲ್ಲಿ ನಮ್ಮ ಆಣೆ ಹೆಂಗೆ?”

“ಮಣ್ಣು ತಲೆ ಮೇಲಿದ್ರೆ ಕಾಲು ಎಲ್ಲಿದ್ರೇನಪ್ಪ,” ಎಂದರು ಅತ್ತೆ ಹೆಂಗಸರ ಸಾಲಿನಿಂದ. “ನಿಮಗೆ ಭಯ ಆದ್ರೆ ಭಯ ಅನ್ನಿ.”

“ಹಂಗಾದ್ರೆ ನೀನೇ ಹೋಗು.”

“ನನಗೆ ಮಂಡಿ ಬಗ್ಗಲ್ಲ. ನನ್ನ ಸೊಸೆ ಹೋಯ್ತಾಳೆ. ಈ ಬಯಲು ದಿನಾ ತುಳಿಯೋಳು ಅವಳು. ನಿಮ್ಮಲ್ಲಿ ಯಾರು ಎಮ್ಮೆ ಕಾದಿದ್ದೀರಿ?”

ಗಂಡನ ಕಡೆ ನೋಡಿದೆ. ಅವರು ಸೊಟ್ಟ ಬೆರಳು ಸವರಿಕೊಳ್ಳುತ್ತಾ, “ಬಿದ್ರೆ ಗಟ್ಟಿಯಾಗಿ ಹಿಡ್ಕೊ,” ಎಂದರು. ಬಿದ್ದ ಮೇಲೆ ಏನನ್ನು ಹಿಡಿದುಕೊಳ್ಳುವುದು ಎಂದು ಕೇಳಲು ಪುರುಸೊತ್ತಿರಲಿಲ್ಲ. ಪಟೇಲರು ಹತ್ತಿರ ಬಂದು ಮೆಲ್ಲಗೆ ಹೇಳಿದರು, “ಕೆರೆಯಿಂದ ಆಚೆ ಅಂತ ಕೈ ತೋರ್ಸು ಮಗಳೇ. ಊರಿನ ನೀರು ನಿನ್ನ ಕೈಲಿ ಅದೆ.”

ಕೆರೆಯಲ್ಲಿ ಮುಳುಗಿ ಬಂದೆ. ಬಯಲಿನ ಮಣ್ಣಿನ ಹೆಂಟೆ ತೆಗೆದು ಅತ್ತೆ ನನ್ನ ತಲೆಯ ಸಿಂಬಿಯ ಮೇಲೆ ಇಟ್ಟರು. ಒದ್ದೆ ಸೀರೆ ಕಾಲಿಗೆ ಅಂಟುತ್ತಿತ್ತು. ವಿಮಾನದ ಮಾಡು ತಗ್ಗು. ಮಣ್ಣು ತಾಗಿ ಉದುರಿತು. ಕುತ್ತಿಗೆ ಬಗ್ಗಿಸಿ ಒಂದು ಕೈಯಲ್ಲಿ ಹೆಂಟೆ ಹಿಡಿದೆ, ಇನ್ನೊಂದರಲ್ಲಿ ಸೀಟಿನ ಕಂಬಿ. ಪಕ್ಕದಲ್ಲಿ ಮುದುಕ, ಅವನ ತಲೆಯ ಮೇಲೂ ಮಣ್ಣು. ಅವನ ಒದ್ದೆ ಮೈ ನನಗೆ ತಾಗುತ್ತಿತ್ತು. ಮುಂದೆ ಸಾಹೇಬರು ಮತ್ತು ಓಡಿಸುವವರು.

“ನಿನ್ನ ಎಮ್ಮೆ ಹಂಗೆ ಒದೀಬ್ಯಾಡ,” ಎಂದ ಮುದುಕ.

“ಅಜ್ಜ, ನಿಮ್ಮ ಹಲ್ಲು ಯಾಕೆ ಕಟಕಟ ಅಂತದೆ?”

“ನೀರು ತಣ್ಣಗಿತ್ತು.”

ಇಂಜಿನ್ನು ಕೂಗಿತು. ಬಯಲು ಹಿಂದಕ್ಕೆ ಓಡಿತು. ಹಲ್ಲು, ಎದೆ, ತಲೆಯ ಮೇಲಿನ ಮಣ್ಣು ಎಲ್ಲ ಕುಲುಕಿ ಕುಲುಕಿ, ಇದ್ದಕ್ಕಿದ್ದಂತೆ ಕುಲುಕು ನಿಂತಿತು. ನಿಂತಾಗಲೇ ಗೊತ್ತಾದದ್ದು, ನೆಲ ಬಿಟ್ಟಿದ್ದೇವೆ ಎಂದು. ಕಣ್ಣು ಮುಚ್ಚಿದ್ದೆ. ಮುದುಕ ನನ್ನ ಮೊಣಕೈ ಹಿಡಿದ. ಬೈಯುತ್ತಾನೆ ಎಂದುಕೊಂಡೆ. “ನೋಡು, ನೋಡು ಮಗಾ,” ಎಂದ.

ನೋಡಿದೆ. ನಮ್ಮ ಊರು ಗೋಡೆಗೆ ತಟ್ಟಿದ ಬೆರಣಿಗಳ ಹಾಗೆ ಇತ್ತು. ಜನ ಎಂದರೆ ಚೆಲ್ಲಿದ ಸಾಸಿವೆ. ಅದರಲ್ಲಿ ಯಾವುದೋ ಒಂದು ಕಾಳು ನನ್ನ ಗಂಡ, ಒಂದು ನನ್ನ ಅತ್ತೆ. ಪುಷ್ಪಗಿರಿ ಬೆಟ್ಟ ಮುಗಿಲಿನಷ್ಟು ಎತ್ತರ ಎಂದು ಹುಟ್ಟಿದಂದಿನಿಂದ ಕೇಳಿದ್ದೆ. ಅದು ಎದುರು ಮನೆಯ ಜಗಲಿಯಲ್ಲಿ ಕೂತವರ ಹಾಗೆ ಸರಿಸಮ ಕಂಡಿತು. ಅದರ ಹಿಂದೆ ಬೆಟ್ಟ, ಅದರ ಹಿಂದೆಯೂ ಬೆಟ್ಟ, ನೀಲಿ ಹೋಗಿ ಬೂದಿ ಬಣ್ಣ, ಕೊನೆಗೆ ಒಂದು ಬಿಳಿಯ ಎಳೆ. ಓಡಿಸುವವರು ಕೂಗಿ ಹೇಳಿದರು, ಅದು ಸಮುದ್ರ ಎಂದು. ನಾನು ಸಮುದ್ರವನ್ನು ಮೊದಲು ನೋಡಿದ್ದು ಹಾಗೆ, ಬೆಟ್ಟಗಳ ತಲೆಯ ಮೇಲಿಂದ. ದೇವರಿಗೆ ನಾವು ಕಾಣುವುದು ಹೀಗೆಯೇ ಇದ್ದರೆ ಅವನಿಗೆ ನಮ್ಮ ಕೂಗು ಕೇಳದಿರುವುದರಲ್ಲಿ ಏನೂ ವಿಶೇಷ ಇಲ್ಲ ಎಂದುಕೊಂಡೆ. ಬೇಜಾರಿನಿಂದ ಅಂದುಕೊಂಡದ್ದಲ್ಲ. ಎದೆ ತುಂಬಿ ಬಂದಿತ್ತು, ಯಾಕೆಂದು ಈಗಲೂ ಹೇಳಲಾರೆ.

ನಾನು ಗೆರೆ ಹುಡುಕಿದೆ. ಶಾಲೆಯ ಗೋಡೆಯ ನಕ್ಷೆಯಲ್ಲಿ ಕೊಡಗಿಗೂ ಮೈಸೂರಿಗೂ ನಡುವೆ ದಪ್ಪ ಕೆಂಪು ಗೆರೆ ಇತ್ತು. ಕೆಳಗೆ ಅಂಥದ್ದು ಏನೂ ಇಲ್ಲ. ಹುಲ್ಲು ಆ ಕಡೆಯೂ ಒಂದೇ ಬಣ್ಣ, ಈ ಕಡೆಯೂ ಒಂದೇ ಬಣ್ಣ. ಆದರೆ ಬೇರೆ ಒಂದು ಕಂಡಿತು. ನಮ್ಮ ಊರಿನಿಂದ ದನದ ಜಾಡುಗಳು ಬೆರಳುಗಳ ಹಾಗೆ ಹರಡಿ ಬಯಲಿನ ನಡುವಿಗೆ ಬಂದಿದ್ದವು. ಆ ಊರಿನಿಂದಲೂ ಹಾಗೇ. ಎರಡೂ ಕಡೆಯ ಬೆರಳು ಕೂಡುವ ಜಾಗದಲ್ಲಿ ಒಂದು ದುಂಡನೆಯ ಬೋಳು. ಎಮ್ಮೆಗಳು, ಅವರದೂ ನಮ್ಮದೂ, ಮೈ ತುರಿಸಿಕೊಳ್ಳಲು ಗಡಿಕಲ್ಲಿಗೇ ಬರುತ್ತಿದ್ದವು. ಎಷ್ಟು ತಲೆಮಾರಿನ ಎಮ್ಮೆಗಳೋ. ಸುತ್ತಲೂ ಹುಲ್ಲು ಹುಟ್ಟದಂತೆ ತುಳಿದಿದ್ದವು. ಕೆಳಗೆ ನಿಂತವರಿಗೆ ಅದು ಬರೀ ನೆಲ. ಮೇಲಿನಿಂದ ಅದು ಹಣೆಯ ಮೇಲಿನ ಬೊಟ್ಟು. ಅದರಿಂದ ಆಚೆ ಕೆರೆ ಮಿನುಗುತ್ತಿತ್ತು.

ಸಾಹೇಬರು ಹಿಂದೆ ತಿರುಗಿದರು. ಓಡಿಸುವವರು ಕೇಳಿದರು, “ಕಲ್ಲು ಎಲ್ಲಿತ್ತಮ್ಮ?”

ಪಟೇಲರ ಮಾತು ನೆನಪಿತ್ತು. ಬೇಸಗೆಯ ಕೆರೆ ನೆನಪಿತ್ತು. ಮಣ್ಣು ಬೆವರಿಗೆ ಕರಗಿ ಹಣೆಯ ಮೇಲೆ ಇಳಿದು ಕಣ್ಣಿಗೆ ಬರುತ್ತಿತ್ತು. ಆಣೆಗೆ ಹೆದರಿದೆ, ಸುಳ್ಳಲ್ಲ. ಆದರೆ ಅದಕ್ಕಿಂತ ಹೆಚ್ಚು ಹೆದರಿದ್ದು ಗೂಟಗಳಿಗೆ. ಮೇಲಿನಿಂದ ಅವೂ ಕಾಣುತ್ತಿದ್ದವು, ಕೆಂಪು ಚುಕ್ಕೆ ಸಾಲು, ಬಯಲಿನ ಉದ್ದಕ್ಕೂ, ಎರಡೂ ಊರಿನ ಬಾಗಿಲ ತನಕ.

ಬೊಟ್ಟಿನ ಕಡೆ ಕೈ ತೋರಿಸಿದೆ. “ಅಗೋ, ಅಲ್ಲಿ. ನಮ್ಮೋರೇ ಕಿತ್ತರು. ಈಚೆ ನಮ್ದು. ಆಚೆ ಅವರದು. ಕೆರೇನೂ ಅವರದು.”

ಓಡಿಸುವವರು ಮುದುಕನನ್ನು ಕೇಳಿದರು, “ಅಲ್ಲಿಂದ ಈಚೆ ಕೊಡಗಿಂದು ಅಂತಾರೆ. ಹೌದಾ ಅಜ್ಜ?”

ಮುದುಕ ತಡಮಾಡಿದ. ನನ್ನನ್ನೇ ನೋಡುತ್ತಿದ್ದ. ನಮ್ಮವರು ಸುಳ್ಳು ಹೇಳಿ ಸಿಕ್ಕಿಬೀಳುತ್ತಾರೆ ಎಂದೇ ಅವನು ಮಣ್ಣಿನ ಮಾತು ಎತ್ತಿದ್ದು. ಈಗ ತನ್ನ ತಲೆಯ ಮೇಲಿನದು ಭಾರವಾಯಿತು.

“ಹೌದು ಸ್ವಾಮಿ,” ಎಂದ. “ಈಚೆ ಅವ್ರದೇ. ಅದು ನಮಗೂ ಗೊತ್ತಿತ್ತು.”

ಸಾಹೇಬರು ನಕ್ಷೆಯ ಮೇಲೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟರು. ಅಷ್ಟೇ ಕೆಲಸ.

ಇಳಿದ ಮೇಲೆ ಸುಬೇದಾರರೂ ಅಮಲ್ದಾರರೂ ಎಲ್ಲರ ಮುಂದೆ ಮತ್ತೊಮ್ಮೆ ಕೇಳಿದರು. ಮತ್ತೊಮ್ಮೆ ಅದನ್ನೇ ಹೇಳಿದೆವು. ಸಾಹೇಬರು ಕೂತಲ್ಲಿಯೇ ಬರೆದು ಓದಿಸಿದರು. ನೆಲ ಎರಡು ರಾಜ್ಯಗಳದ್ದು. ಒಂದು ರಾಜ್ಯ ಕೇಳಿದೆ, ಇನ್ನೊಂದು ಬೇಡ ಎಂದಿದೆ. ಇಬ್ಬರೂ ಒಪ್ಪುವ ತನಕ ಇಲ್ಲಿ ವಿಮಾನ ಇಳಿಯುವಂತಿಲ್ಲ. ಧಣಿ ಎದ್ದು ಹೋದರು, ಕುರ್ಚಿ ಅಲ್ಲೇ ಉಳಿಯಿತು. ವಿಮಾನವೂ ಮೈಸೂರಿನ ಕಡೆ ಹಾರಿ ಹೋಯಿತು. ಅದು ಚುಕ್ಕೆಯಾಗಿ ಕರಗುವ ತನಕ ಎರಡೂ ಊರಿನವರು ಕತ್ತೆತ್ತಿ ನೋಡಿದರು. ಬೇಡ ಎಂದವರೇ ನಾವು. ಆದರೂ ಅದು ಹೋದ ಮೇಲೂ ನಾನು ಕತ್ತು ಇಳಿಸಲಿಲ್ಲ.

ಊರಿನವರು ನನ್ನನ್ನು ಬಿಡಲಿಲ್ಲ. “ಮೇಲಕ್ಕೆ ಹೋಗಿ ಕೆರೆ ಚೆಲ್ಲಿ ಬಂದ್ಲು,” ಎಂದರು. ಪಟೇಲರ ಹೆಂಡತಿ ಎಷ್ಟೋ ಕಾಲ ನನ್ನ ಜೊತೆ ಸಂತೆಗೆ ಬರಲಿಲ್ಲ. ಅತ್ತೆ ಮಾತ್ರ ಆ ಸಂಜೆ ನನ್ನ ತಲೆಯ ಮಣ್ಣು ತೊಳೆಯುತ್ತಾ, “ಹುಲ್ಲು ಉಳೀತಲ್ಲ, ಬಿಡು,” ಎಂದರು. ಆಮೇಲೆ ಮಕ್ಕಳು ಕೇಳುವ ಹಾಗೆ ಕೇಳಿದರು, “ಮೇಲಿಂದ ನಾನು ಕಂಡ್ನಾ?”

“ಕಂಡ್ರಿ,” ಎಂದೆ. ಮಣ್ಣು ತೊಳೆದಾಗಿತ್ತು, ಆಣೆ ಇರಲಿಲ್ಲ.

ಮರುದಿನ ಗೂಟ ಕಿತ್ತಿದ್ದ ಬಯಲಿಗೆ ಎಮ್ಮೆ ಬಿಟ್ಟೆ. ಅವು ಮೇಯ್ದು, ಬಿಸಿಲೇರಿದ ಮೇಲೆ ಅಭ್ಯಾಸದಂತೆ ನೆಟ್ಟಗೆ ಕೆರೆಯ ಕಡೆ ನಡೆದವು. ನಾನು ಓಡಿ ಮುಂದೆ ನಿಂತು ತಡೆದೆ. ಏರಿಯ ಮೇಲೆ ಮುದುಕ ಕೂತಿದ್ದ. ಬೈಗುಳ ಬರುತ್ತದೆ ಎಂದು ಕಾದೆ. ಅವನು ಸುಮ್ಮನಿದ್ದ. ಎಮ್ಮೆಗಳು ನನ್ನ ಬೆನ್ನಿಗೆ ಮೂತಿ ಒತ್ತುತ್ತಿದ್ದವು. ನಾನು ಆ ಊರಿನವರಲ್ಲಿ ಏನನ್ನೂ ಕೇಳಿದವಳಲ್ಲ, ನಮ್ಮ ಊರಿನಲ್ಲಿ ಯಾರೂ ಕೇಳಿದವರಲ್ಲ.

“ಅಜ್ಜ, ಎಮ್ಮೆ ನೀರು ಕುಡೀಬೇಕು,” ಎಂದೆ.

“ಕೆರೆ ಯಾರ್ದು?” ಎಂದ.

“ನಿಮ್ದು.”

“ಹಂಗೆ ಕೇಳ್ಬೇಕು. ಕುಡೀಲಿ ಬಿಡು.”

ಅಂದಿನಿಂದ ದಿನಾ ಕೇಳಿದೆ. ಅವನು ದಿನಾ ಬಿಡು ಎಂದ. ಕೊಡಗು ಮೈಸೂರಿಗೆ ಸೇರಿ ಗಡಿಯೇ ಇಲ್ಲವಾದ ಮೇಲೂ ಕೇಳಿದೆ, ಮುದುಕ ಸತ್ತ ಮೇಲೆ ಅವನ ಸೊಸೆಯನ್ನು ಕೇಳಿದೆ. ಎಮ್ಮೆಗಳು ಇರುವ ತನಕ ನಮ್ಮ ಮನೆಯಿಂದ ಯಾರೂ ಕೂಲಿಗೆಂದು ಎಸ್ಟೇಟಿನ ಲೈನುಮನೆಗೆ ಹೋಗಲಿಲ್ಲ.